ಒಂದೇ ಉಸಿರಿನ ಬಳ್ಳಿ

ಕೋಕಂದ ಪಟ್ಟಣದ ನೇಕಾರರ ಕೇರಿಯ ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿದಿದೆ. ಬಾಗಿಲ ಬಳಿ ನನ್ನದಲ್ಲದೆ ಉಳಿದಿರುವುದು ಒಂದೇ ಜೊತೆ ಚಪ್ಪಲಿ. ಅದರ ಒಡತಿ ಸಲೋಮತ್ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ, ಮೊಟ್ಟೆಯ ಹಳದಿಯಲ್ಲಿ ಕಲಸಿದ ನೀಲಿಯನ್ನು ಮರದ ಚಾವಣಿಯ ಮೇಲೆ ಬರೆದ ಎಲೆಗಳಿಗೆ ತುಂಬುತ್ತಿದ್ದಾರೆ. ವಯಸ್ಸು ಅರವತ್ತೊಂದು. ದಿನಕ್ಕೆ ಎಂಟು ಗಂಟೆ ದುಡಿದರೆ ಮುಗಿಯುವುದು ಒಂದು ಚಾಪೆಯಷ್ಟು ಜಾಗ.

ಹದಿನಾಲ್ಕಕ್ಕೆ ಚಿತ್ರಗುರು ಉಸ್ತಾ ನೋರ್ಮತ್ ಅವರ ಬಳಿ ಕಲಿಯಲು ಸೇರಿದರು. ಮೂರು ವರ್ಷ ಕುಂಚ ಮುಟ್ಟಲಿಲ್ಲ. "ಹಳದಿ ಬೇರೆ ಮಾಡೋದೇ ಕೆಲಸ. ಉಳಿದ ಬಿಳೀದನ್ನ ಗುರುಗಳ ಹೆಂಡ್ತಿ ಕರಿದು ಕೊಡೋರು. ಈಗ್ಲೂ ನಾನು ಮೊಟ್ಟೆ ಬಾಯಿಗೆ ಹಾಕಲ್ಲ," ಎಂದು ನಗುತ್ತಾರೆ. ಮುಂದೆ ಮೂರು ಮಕ್ಕಳಾದವು. ತೊಟ್ಟಿಲನ್ನು ಅಟ್ಟಣಿಗೆಯ ಕೆಳಗಿಟ್ಟು, ಅದರ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ತೂಗುತ್ತಲೇ ಬರೆದರು. ಗಂಡ ತೀರಿಕೊಂಡ ವರ್ಷವೂ ಎರಡು ಚಾವಣಿ ಮುಗಿಸಿದರು. ಈವರೆಗೆ ಒಟ್ಟು ಇಪ್ಪತ್ತಾರು. ಒಂದರಲ್ಲೂ ಅವರ ಹೆಸರಿಲ್ಲ.

ಗುರುವಿನ ಆಶೀರ್ವಾದ ಪಡೆದವರಷ್ಟೇ ಹೆಸರು ಬರೆಯಬಹುದು. ಅದಕ್ಕೆ ಒಂದು ಮಾರು ಉದ್ದದ ಸುರುಳಿ ಬಳ್ಳಿಯನ್ನು ಗುರುವಿನೆದುರು ಒಂದೇ ಉಸಿರಿನಲ್ಲಿ, ಕುಂಚ ನಿಲ್ಲಿಸದೆ ಎಳೆಯಬೇಕು. ಸಲೋಮತ್ ಹನ್ನೊಂದು ಸಲ ಸೋತಿದ್ದಾರೆ. ಗುರುವಿಗೀಗ ತೊಂಬತ್ತೆರಡು. ಕಣ್ಣು ಹೋಗಿ ಆರು ವರ್ಷವಾಯಿತು; ಒಣ ಮರದ ಮೇಲೆ ಕುಂಚ ಸರಿಯುವ ಸದ್ದಿನಿಂದಲೇ ಗೆರೆಯನ್ನು ಅಳೆಯುತ್ತಾರೆ.

ಈ ಗುರುವಾರ ಗುರುಗಳ ಸೊಸೆ ಅವರನ್ನು ಕೈಹಿಡಿದು ಕರೆತಂದಿದ್ದಾರೆ.

"ಬದುಕಿದ್ದೀಯೇನೇ ಇನ್ನೂ?" ಕೆಮ್ಮುತ್ತಲೇ ಕೇಳುತ್ತಾರೆ ಮುದುಕರು.

"ನೀವು ಸಾಯೋಕೆ ಬಿಟ್ರೆ ತಾನೇ ಉಸ್ತಾ!"

"ಹಾಗಾದ್ರೆ ಎಳಿ. ನಾನು ಹೋಗೋದ್ರೊಳಗೆ ಮುಗಿಸು."

ಸಲೋಮತ್ ಉಸಿರು ತುಂಬಿಕೊಳ್ಳುತ್ತಾರೆ. ಬಳ್ಳಿ ಹೊರಡುತ್ತದೆ. ಸೊಸೆ ಸದ್ದಾಗದಂತೆ ಬಳೆಗಳನ್ನು ಹಿಡಿದುಕೊಂಡಿದ್ದಾರೆ. ಕುಂಚ ತುದಿ ಮುಟ್ಟಿದಾಗ ಮುದುಕರ ಗಲ್ಲ ಅದುರುತ್ತದೆ.

"ನಿಲ್ಲಲಿಲ್ಲ. ಇಳಿದು ಬಾ ಮಗಳೇ, ಕೈ ಚಾಚು, ಆಶೀರ್ವಾದ ಮಾಡ್ತೀನಿ."

ಸಲೋಮತ್ ಇಳಿಯುವುದಿಲ್ಲ. "ನಿಂತಿತು ಉಸ್ತಾ. ಕೊನೇ ತಿರುವಲ್ಲಿ, ಕೂದಲೆಳೆಯಷ್ಟು."

"ನಂಗೆ ಕೇಳಿಸ್ಲಿಲ್ಲ."

"ನಂಗೆ ಕಾಣಿಸ್ತು."

ಮುದುಕರು ಸೊಸೆಯ ತೋಳು ಹಿಡಿದು ಬಾಗಿಲ ಕಡೆ ತಿರುಗುತ್ತಾರೆ. "ಕತ್ತೆ," ಎನ್ನುತ್ತಾರೆ, ಮೆಲ್ಲಗೆ. "ಮುಂದಿನ ಗುರುವಾರ ಬರ್ತೀನಿ. ಇದ್ರೆ."

ಅವರ ಕೆಮ್ಮು ಬೀದಿಯ ತಿರುವಿನವರೆಗೂ ಕೇಳಿಸುತ್ತದೆ. ಸಲೋಮತ್ ಒದ್ದೆ ಬಟ್ಟೆಯಿಂದ ಬಳ್ಳಿಯನ್ನು ತುದಿಯಿಂದ ಬುಡದವರೆಗೂ ಒರೆಸುತ್ತಾರೆ. ಅಷ್ಟರಲ್ಲಿ ಗುರುಗಳು ಇಲ್ಲದೆ ಹೋದರೆ, ಎಂದು ಕೇಳುತ್ತೇನೆ.

"ಹೆಸರಿಲ್ಲದ್ದು ಇಪ್ಪತ್ತೇಳಾಗುತ್ತೆ," ಎನ್ನುತ್ತಾರೆ, ಕೈ ನಿಲ್ಲಿಸದೆ. "ಗುರುವಾರದ ಹೊತ್ತಿಗೆ ಈ ಮರ ಒಣಗಿರುತ್ತೆ. ನೀವು ಗುರುಗಳ ಮನೆ ಕಡೆ ಹೋದ್ರೆ ಸೊಸೆಗೊಂದು ಮಾತು ಹೇಳಿ. ಬೆಚ್ಚಗೆ ಹೊದಿಸಿ ಕರ್ಕೊಂಡು ಬರ್ಲಿ."