ಗಾಜಿನ ಮನೆಯ ಮೀಟರು

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಎಂಜಿನಿಯರರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವರು ಆರ್ಸಪ್ಪ. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಕುಲಪತಿಗಳ ಜೊತೆ ಮಾತಾಡುತ್ತಾ ನಡೆಯುವಾಗಲೂ ಕೈ ತನ್ನಷ್ಟಕ್ಕೆ ಗೋಡೆಯ ಕಡೆ ಹೋಗುತ್ತಿತ್ತು. ಒಮ್ಮೆ ಇತಿಹಾಸದ ಪ್ರಾಧ್ಯಾಪಕರು ಶೌಚಾಲಯದೊಳಗೆ ಇರುವಾಗಲೇ ಹೊರಗಿನಿಂದ ದೀಪ ಆರಿಸಿಬಿಟ್ಟರು. ಒಳಗಿಂದ ಕೂಗು ಬಂದಾಗ ಮತ್ತೆ ಹಾಕಿ, "ಕ್ಷಮಿಸಿ ಸಾರ್. ಬರೋವಾಗ ನೀವೇ ಆರ್ಸಿಬಿಡಿ" ಎಂದು ಹೇಳಿ ಹೋದರು.

ನಾನು ಹತ್ತೊಂಬತ್ತು ವರ್ಷ ಅವರ ಕಚೇರಿಯ ಗುಮಾಸ್ತೆ. ನಲವತ್ತೆರಡು ಕಟ್ಟಡಗಳ ಕರೆಂಟು, ನೀರು, ಎ.ಸಿ., ಬಾಯ್ಲರು, ಲಿಫ್ಟು, ಜನರೇಟರು ಎಲ್ಲ ನಮ್ಮ ತಲೆಯ ಮೇಲೆ. ನಲ್ಲಿಯಲ್ಲಿ ನೀರು ಬಂದರೆ ನಮ್ಮನ್ನು ಯಾರೂ ನೆನೆಯುವುದಿಲ್ಲ. ನಿಂತರೆ ನಮ್ಮ ಏಳು ತಲೆಮಾರನ್ನೂ ನೆನೆಯುತ್ತಾರೆ. ಸಾಹೇಬರು ಬೆಳಿಗ್ಗೆ ಏಳಕ್ಕೇ ಬಂದು ಒಂದೊಂದು ಪಂಪಿನ ಮೇಲೂ ಅಂಗೈ ಇಟ್ಟು ನೋಡುತ್ತಿದ್ದರು. ಒಳ್ಳೆಯ ಮನುಷ್ಯ. ಒಂದೇ ದೋಷವೆಂದರೆ, ತಮ್ಮ ಕೈಯನ್ನೂ ಯಂತ್ರವನ್ನೂ ಬಿಟ್ಟು ಬೇರೆ ಯಾರನ್ನೂ ನಂಬುತ್ತಿರಲಿಲ್ಲ.

ಕಟ್ಟಡಕ್ಕೊಂದು ಹೊಸ ಮೀಟರು ಹಾಕಿಸಿದ್ದು ಅವರೇ. ಕಂಟ್ರಾಕ್ಟರನ ಕೆಲಸಗಾರರು ಹೆಸರಿನ ಚೀಟಿಗಳನ್ನು ತಪ್ಪಾಗಿ ಅಂಟಿಸಿಯಾರೆಂದು, ಸ್ವಿಚ್ಚು ಕೋಣೆಯಲ್ಲಿ ತಾವೇ ಬಗ್ಗಿ ನಿಂತು ನಲವತ್ತೆರಡನ್ನೂ ಅಂಟಿಸಿದರು. ಆಮೇಲೆ ತಿಂಗಳಿಗೊಮ್ಮೆ ಊಟದ ಹಾಲಿನ ಗೋಡೆಯ ಮೇಲೆ ಪಟ್ಟಿ ಬೀಳತೊಡಗಿತು. ಯಾವ ಕಟ್ಟಡ ಎಷ್ಟು ಯೂನಿಟ್ ಉರಿಸಿತು, ಯಾರು ಮೊದಲು, ಯಾರು ಕೊನೆ ಎಂದು. ತಟ್ಟೆ ಹಿಡಿದುಕೊಂಡೇ ಜನ ಓದುತ್ತಿದ್ದರು, ನಗುತ್ತಿದ್ದರು.

ಕೊನೆಯ ಸ್ಥಾನದಲ್ಲಿ ಯಾವಾಗಲೂ ಗಾಜಿನ ಮನೆ. ಸಸ್ಯಶಾಸ್ತ್ರದವರ ಗಿಡಗಳಿದ್ದ, ಅತಿಥಿಗೃಹದ ಪಕ್ಕದ ಹಳೆಯ ಕಟ್ಟಡ ಅದು. ಅದನ್ನು ಮೂವತ್ತೊಂದು ವರ್ಷದಿಂದ ನೋಡಿಕೊಂಡಿದ್ದವನು ಒಬ್ಬನೇ ಮಾಲಿ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ನಿಜ. ಆದರೆ ಗಾಜಿನ ಮನೆ ಅಂದರೆ ಅವನೇ ಅಂತ ಯಾರಿಗೆ ಗೊತ್ತಿರಲಿಲ್ಲ?

ಮೊದಲ ತಿಂಗಳು ಕಚೇರಿಗೆ ಕರೆಸಿದಾಗ ಮಾಲಿ ನೆಟ್ಟಗೆ ನಿಂತು ಹೇಳಿದ, "ಸಂಜೆ ಆರಕ್ಕೆ ದೀಪ, ಹೀಟರ್ ಎಲ್ಲಾ ಆರ್ಸಿ ಬೀಗ ಹಾಕ್ತೀನಿ ಸಾರ್."

"ಹಾಗಾದ್ರೆ ರಾತ್ರಿಯೆಲ್ಲಾ ಮೀಟರ್ ಯಾಕಪ್ಪಾ ಓಡುತ್ತೆ? ಮೀಟರಿಗೆ ನಿನ್ನ ಮೇಲೇನಾದ್ರೂ ಹಗೆತನಾನಾ?" ಎಂದರು ಸಾಹೇಬರು. ನಾನೂ ನಕ್ಕೆ.

ಎರಡನೆಯ ತಿಂಗಳು ಅವನೊಂದು ನೋಟ್‌ಬುಕ್ ತಂದಿದ್ದ. ಯಾವ ಸ್ವಿಚ್ಚು ಎಷ್ಟು ಹೊತ್ತಿಗೆ ಆರಿಸಿದ್ದು ಎಂದು ದಿನದಿನವೂ ಬರೆದು ಗುರುತು ಹಾಕಿದ್ದ. ಸಾಹೇಬರು ಅದನ್ನು ತೆರೆದೂ ನೋಡಲಿಲ್ಲ. ಐದನೆಯ ತಿಂಗಳಿಗೆ ಅವನ ದನಿ ಕುಗ್ಗಿತ್ತು. "ಇರಬಹುದೇನೋ ಸಾರ್. ಆರ್ಸಿದ್ದೀನಿ ಅಂದ್ಕೊಂಡು ಬರ್ತೀನೇನೋ. ನಂಗೇ ಮರ್ತು ಹೋಗುತ್ತೇನೋ" ಎಂದ.

ಒಂದು ಸಂಜೆ ಗಾಜಿನ ಮನೆಯವರೆಗೆ ನಡೆದುಹೋಗಿ ಐದು ನಿಮಿಷ ನಿಂತಿದ್ದರೆ ಸಾಕಿತ್ತು. ಕಚೇರಿಯಿಂದ ಇನ್ನೂರು ಹೆಜ್ಜೆ. ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಗಾಜಿನ ಮನೆಯನ್ನು ಮುಚ್ಚುವಂತೆ ಸಾಹೇಬರು ವರದಿ ಬರೆದರು. ಕರಡಿನಲ್ಲಿ "ನೌಕರನ ನಿರ್ಲಕ್ಷ್ಯದಿಂದ" ಎಂದಿತ್ತು. ಟೈಪು ಮಾಡುವಾಗ ನನಗೆ ಅಯ್ಯೋ ಅನ್ನಿಸಿತು; ನಿರ್ಲಕ್ಷ್ಯ ಅಂದರೆ ಶಿಸ್ತುಕ್ರಮ ಆಗುತ್ತದೆ. ಮಾಲಿಯ ಬಾಯಿಂದಲೇ ಬಂದ ಮಾತನ್ನು ಎತ್ತಿಕೊಂಡು "ನೌಕರನ ವಯೋಸಹಜ ಮರೆವಿನಿಂದ" ಎಂದು ತಿದ್ದಿದೆ. ಸಾಹೇಬರು ಓದಿ, "ಇದೇ ಒಳ್ಳೇದು, ಪಾಪ" ಎಂದು ಸಹಿ ಹಾಕಿದರು. ಉಪಕಾರ ಮಾಡಿದೆನೆಂದು ನಾನು ಆ ದಿನ ಸಮಾಧಾನದಿಂದ ಮನೆಗೆ ಹೋದೆ.

ಗಿಡಗಳನ್ನು ಯಾರುಯಾರೋ ಹೊತ್ತುಕೊಂಡು ಹೋದರು. ಮುಚ್ಚಿದ ಕಟ್ಟಡವೆಂದು ಪಟ್ಟಿಯಿಂದ ಗಾಜಿನ ಮನೆಯ ಹೆಸರು ತೆಗೆದೆವು, ಅದರ ಮೀಟರನ್ನು ಮತ್ತೆ ಯಾರೂ ಓದಲಿಲ್ಲ. ವರದಿಯ ಒಂದು ಪ್ರತಿಯನ್ನು ಮಾಲಿಯ ಕೈಗೆ ಕೊಟ್ಟು, ಅವನನ್ನು ಕಾರು ನಿಲ್ಲಿಸುವ ಜಾಗದಲ್ಲಿ ಕಳೆ ಕೀಳಲು ಹಾಕಿದರು. ನಾಲ್ಕು ತಿಂಗಳಿಗೆ ಅವನು ತಾನಾಗಿಯೇ ಕೆಲಸ ಬಿಟ್ಟ. ಅದೇ ವರ್ಷ ಅತಿಥಿಗೃಹದ ಯೂನಿಟ್ಟುಗಳು ಸರ್ರನೆ ಇಳಿದವು. ಅಲ್ಲಿ ಆಗತಾನೇ ಬಿಸಿಲಿನಿಂದ ನೀರು ಕಾಯಿಸುವ ಏರ್ಪಾಡಾಗಿತ್ತು, ಅದರ ಮಹಿಮೆ ಅಂದುಕೊಂಡೆವು. ಅತಿಥಿಗೃಹದ ಮ್ಯಾನೇಜರರಿಗೆ ಪ್ರಶಸ್ತಿ ಪತ್ರ ಕೊಟ್ಟೆವು, ಚಪ್ಪಾಳೆ ತಟ್ಟಿದೆವು.

ಎರಡು ವರ್ಷ ಕಳೆಯಿತು. ಗಾಜಿನ ಮನೆಯನ್ನು ಕೆಡವಲು ದಿನ ಗೊತ್ತಾಯಿತು. ಕೆಡವುವ ಮೊದಲು ಅದರ ಲೈನು ಶಾಶ್ವತವಾಗಿ ಕತ್ತರಿಸಬೇಕು. ಸಾಹೇಬರು ಎಂದಿನಂತೆ ತಾವೇ ಸ್ವಿಚ್ಚು ಕೋಣೆಗೆ ಹೋಗಿ "ಗಾಜಿನ ಮನೆ" ಎಂಬ ಚೀಟಿಯಿದ್ದ ಮೀಟರಿನ ಕೆಳಗಿನ ಬ್ರೇಕರನ್ನು, ಅಂದರೆ ಆ ಲೈನಿನ ದೊಡ್ಡ ಸ್ವಿಚ್ಚನ್ನು, ಇಳಿಸಿದರು. ಎರಡು ನಿಮಿಷಕ್ಕೆ ನನ್ನ ಮೇಜಿನ ಫೋನು ಬಡಿದುಕೊಂಡಿತು.

"ಏನ್ರೀ ಇದು! ಲಿಫ್ಟಲ್ಲಿ ಇಬ್ಬರು ಸಿಕ್ಕಾಕ್ಕೊಂಡಿದ್ದಾರೆ, ಒಬ್ಬರು ಮುಖಕ್ಕೆ ಸೋಪು ಹಚ್ಕೊಂಡು ಕತ್ತಲಲ್ಲಿ ಕಿರುಚ್ತಿದ್ದಾರೆ!" ಅದು ಅತಿಥಿಗೃಹದ ಮ್ಯಾನೇಜರರ ದನಿ.

ನಾನು ಓಡಿಹೋಗಿ ಹೇಳಿದೆ. ಸಾಹೇಬರು ಬ್ರೇಕರನ್ನು ಮೇಲೆತ್ತಿದರು. ಅತಿಥಿಗೃಹಕ್ಕೆ ಕರೆಂಟು ಬಂತು. ಮತ್ತೆ ಇಳಿಸಿದರು, ಹೋಯಿತು. ಮತ್ತೆ ಎತ್ತಿದರು. ಪಕ್ಕದಲ್ಲೇ "ಅತಿಥಿಗೃಹ" ಎಂಬ ಚೀಟಿ. ಎರಡೂ ಅವರದೇ ಕೈಬರಹ. ಆ ಗೋಡೆಗೆ ಬೆನ್ನು ಕೊಟ್ಟು ಅವರು ನೆಲದ ಮೇಲೆ ಕೂತುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು, ಎತ್ತಿಗೆ ಪ್ರಶಸ್ತಿ ಪತ್ರವನ್ನೂ ಕೊಟ್ಟಿದ್ದೆವು.

ನಾನು ಆಗ ಏನು ಹೇಳಿದೆನೆಂದು ಮುಚ್ಚಿಡುವುದಿಲ್ಲ. "ಯಾರಿಗೂ ಗೊತ್ತಿಲ್ಲ ಸಾರ್. ಚೀಟಿ ಅದಲು ಬದಲು ಮಾಡಿ ಅಂಟಿಸಿಬಿಡಿ, ಎರಡು ನಿಮಿಷದ ಕೆಲಸ" ಎಂದೆ.

"ಅವನನ್ನ ಸುಳ್ಳುಗಾರ ಮಾಡ್ದೆ ಕಣಮ್ಮಾ. ಆಮೇಲೆ ಮರೆಗುಳಿ ಮಾಡ್ದೆ" ಎಂದರು. ಮರೆಗುಳಿ ಮಾಡಿದ್ದು ಅವರಲ್ಲ, ನಾನು. ಅವರಿಗೆ ಅದು ಗೊತ್ತಿತ್ತು.

ತಪ್ಪು ತನ್ನದೆಂದು ಬರೆದುಕೊಂಡು ಅವರು ಕುಲಸಚಿವರ ಹತ್ತಿರ ಹೋದರು. "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನ್ರೀ? ಹಳೇದನ್ನ ಕೆದಕಬೇಡಿ" ಎಂದು ಕುಲಸಚಿವರು ಆ ಕಾಗದವನ್ನು ಕಡತದೊಳಗೆ ತೂರಿಸಿದರು. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದ್ದ ಸಾಹೇಬರು ಮೂರು ದಿನ ದೀಪಗಳು ಉರಿಯುತ್ತಿದ್ದರೂ ನೋಡದೆ ಹಾದುಹೋದರು. ನಾಲ್ಕನೆಯ ದಿನ ಮಾಲಿಯ ಮನೆ ವಿಳಾಸ ಹುಡುಕಲು ಹೇಳಿದರು. ನಾನೂ ಬರುತ್ತೇನೆಂದೆ.

ಎರಡನೆಯ ಮಹಡಿಯ ಪುಟ್ಟ ಮನೆ. ಕದ ತೆರೆದವಳು ಸೊಸೆ. ಮಾಲಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಸಾಹೇಬರನ್ನು ಕಂಡು ಗಡಬಡಿಸಿ ಎದ್ದರು. ಬಾಗಿಲ ಹಿಂದೆ ಮೊಳೆಗೆ ನೋಟ್‌ಬುಕ್ ತೂಗುತ್ತಿತ್ತು: ನಲ್ಲಿ, ಫ್ಯಾನು, ದೀಪ, ಗ್ಯಾಸು, ಎದುರಿಗೆ ಗಂಟೆ, ಗುರುತು. ಸಾಹೇಬರು ಈ ಸಲ ಅದನ್ನು ಕೈಗೆ ತೆಗೆದುಕೊಂಡು ಓದಿದರು.

"ನಂಗೆ ಮರೆವು ಅಲ್ವಾ ಸಾರ್, ಅದಕ್ಕೆ ಬರೆದಿಡ್ತೀನಿ. ನಿಮ್ಮ ಕಾಗದದಲ್ಲೂ ಹಾಗೇ ಬರ್ದಿದ್ರಿ. ಅದನ್ನ ಡಾಕ್ಟರಿಗೂ ತೋರಿಸ್ದೆ, ಮಾತ್ರೆ ಕೊಟ್ರು" ಎಂದರು ಮಾಲಿ, ಯಾವ ಕಹಿಯೂ ಇಲ್ಲದೆ.

ಆ ಪದ ನನ್ನದು ಎಂದು ಹೇಳಲು ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. "ಹೌದು, ನಾನೇ ಬರ್ದಿದ್ದು" ಎಂದು ಸಾಹೇಬರು ಅದನ್ನೂ ತಮ್ಮ ತಲೆಗೇ ಹಾಕಿಕೊಂಡರು. ಆ ದಿನ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಎಷ್ಟು ಬೆಲೆ ಎಂದು ನನಗೇ ಗೊತ್ತು.

ಸಾಹೇಬರು ನಿಂತುಕೊಂಡೇ ಎಲ್ಲ ಹೇಳಿದರು. ಎರಡು ಲೈನು, ಎರಡು ಚೀಟಿ, ಅದಲು ಬದಲು. ಮಾಲಿ ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ನಂಗೆ ಮರೆವಿಲ್ವಾ?"

"ಇಲ್ಲ."

"ಏನಮ್ಮಾ, ಇಲ್ಲಿ ಬಾ" ಎಂದು ಅಡುಗೆಮನೆಗೆ ಕೂಗಿದರು. "ಸಾರ್, ಇವಳಿಗೂ ಒಂದ್ಸಲ ಹೇಳಿ. ಇವಳು ನನ್ನ ಒಲೆ ಮುಟ್ಟೋಕೆ ಬಿಡಲ್ಲ."

ಸಾಹೇಬರು ಸೊಸೆಗೆ ಹೇಳಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು, "ತಪ್ಪಾಯ್ತು ಮಾವ" ಎಂದಳು. ಆಮೇಲೆ ಮಾಲಿ ಮಗನಿಗೆ ಫೋನು ಹಚ್ಚಿಕೊಟ್ಟರು, ಸಾಹೇಬರು ಅವನಿಗೂ ಹೇಳಿದರು. ಮಾಲಿ ಎದುರು ಮನೆಯ ದರ್ಜಿಯನ್ನೂ ಕರೆದರು. "ಈ ಮುದುಕನಿಗೆ ತಲೆ ಕೆಟ್ಟಿದೆ" ಅಂತ ಅವನು ತಮಾಷೆ ಮಾಡುತ್ತಿದ್ದನಂತೆ. ಒಂದೊಂದು ಸಲಕ್ಕೂ ಸಾಹೇಬರ ಮಾತು ಚಿಕ್ಕದಾಗುತ್ತ ಬಂತು. ದರ್ಜಿಗೆ ಹೇಳುವ ಹೊತ್ತಿಗೆ ಉಳಿದದ್ದು ಇಷ್ಟೇ: "ತಪ್ಪು ನಂದು. ಇವರದಲ್ಲ." ಗಲ್ಲದ ಮೇಲೆ ಇಳಿಯುತ್ತಿದ್ದ ನೀರನ್ನು ಅವರು ಒರೆಸಿಕೊಳ್ಳಲೂ ಇಲ್ಲ.

"ಚಹಾ ನಾನೇ ಮಾಡ್ತೀನಿ" ಎಂದು ಮಾಲಿ ಎದ್ದರು. ಸೊಸೆ ದಾರಿ ಬಿಟ್ಟಳು. ನಮಗೆ ಕಾಣುವ ಹಾಗೇ ಅಡುಗೆಮನೆಯಲ್ಲಿ ನಿಂತು ಒಲೆ ಹಚ್ಚಿದರು, ಚಹಾ ಕುದಿಸಿದರು, ಸೋಸಿದರು, ಒಲೆ ಆರಿಸಿದರು. ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಎರಡು ಹೆಜ್ಜೆ ಬಂದು ನಿಂತರು. ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ತಿರುಗಿ ಹೋಗಿ ಒಲೆಯ ಗುಂಡಿಯನ್ನು ಹಿಡಿದು ನೋಡಿದರು. ಬಂದು ಕೂರುವ ಮೊದಲು ಇನ್ನೊಮ್ಮೆ ಹೋದರು.

"ಆರ್ಸಿದೀನಿ ಅಂತ ಗೊತ್ತು ಸಾರ್. ಆದ್ರೂ ಮನಸ್ಸು ಕೇಳಲ್ಲ" ಎಂದರು ಅಲ್ಲಿಂದಲೇ, ನಾಚಿಕೊಂಡು.

ಸಾಹೇಬರು ಎದ್ದು ಅಡುಗೆಮನೆಗೆ ಹೋಗಿ ಪಕ್ಕದಲ್ಲಿ ನಿಂತರು. "ಆರಿದೆ. ನಾನೇ ನೋಡ್ದೆ, ಬನ್ನಿ."

"ನೀವು ನೋಡಿದ್ರಾ? ನೀವು ಹೇಳಿದ ಮೇಲೆ ಸರಿ ಬಿಡಿ ಸಾರ್" ಎಂದು ಮಾಲಿ ನೆಮ್ಮದಿಯಿಂದ ಬಂದು ಕೂತು ಚಹಾ ಕುಡಿದರು.