ಬೆನ್ನು ಮಣ್ಣಿಗೆ ಹತ್ತಿದ ಮೇಲೆ

ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಎರಡು ಚಹಾದಂಗಡಿ ದಾಟುವುದರೊಳಗೆ ಒಂದು ಫೈಟಿಂಗ್ ಅಕಾಡೆಮಿ ಸಿಗುತ್ತದೆ. ಗಾಜಿನ ಬಾಗಿಲು, ಎಸಿ, ನೀಲಿ ಮ್ಯಾಟು, ಗೋಡೆಯ ಮೇಲೆ ಹಲ್ಲು ಕಿರಿದ ಹುಲಿ. ಒಳಗೆ ಮಕ್ಕಳು ಕೈಗೆ ಗ್ಲೋವ್ಸು ಹಾಕಿಕೊಂಡು ಒಬ್ಬರ ಎದೆಯ ಮೇಲೊಬ್ಬರು ಕೂತು ಗುದ್ದುತ್ತಾರೆ, ಹೊರಗೆ ಅವ್ವಂದಿರು ನಿಂತು ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದೇ ಮಕ್ಕಳು ಮನೆಯಲ್ಲಿ ತಮ್ಮನ ಕಿವಿ ಹಿಂಡಿದರೆ ಬೆನ್ನಿಗೆ ಸರಿಯಾಗಿ ಬೀಳುತ್ತದೆ. ಈ ಆಟ ನಮ್ಮೂರಿಗೆ ಬಂದದ್ದು ಹೇಗೆ ಎಂದು ಕೇಳಿದರೆ ಅಕಾಡೆಮಿಯವರು ಬ್ರೆಜಿಲ್ಲು, ಜಪಾನು ಎಂದು ದೊಡ್ಡ ದೊಡ್ಡ ದೇಶಗಳ ಹೆಸರು ಹೇಳುತ್ತಾರೆ. ಎಲ್ಲಾ ಬೊಗಳೆ. ಬಂದದ್ದು ಒಂದು ಮದುವೆ ಹಾಲ್‌ಗೆ, ಮದುವೆ ಇಲ್ಲದ ದಿನ ನೋಡಿ. ನಾನು ಅಲ್ಲಿದ್ದೆ.

ನಾನು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಅಂಗಡಿ ನಡೆಸುವವನು. ಬೆಳಗಿನ ಹೊತ್ತು ಮಾತ್ರ ಹಳೇ ಹುಬ್ಬಳ್ಳಿಯ ಒಂದು ತಾಲೀಮಿನಲ್ಲಿ, ಎಂದರೆ ಗರಡಿಮನೆಯಲ್ಲಿ, ಕೆಂಪು ಮಣ್ಣಲ್ಲಿ ಹೊರಳಾಡುತ್ತಿದ್ದೆ. ದಿನಾ ನನ್ನ ಜೊತೆ ಕುಸ್ತಿ ಹಿಡಿಯುತ್ತಿದ್ದ ನನ್ನ ಜೋಡಿ ಅದೇ ಓಣಿಯ ಆಟೊ ಮೆಕ್ಯಾನಿಕ್. ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ‘ಏ ಇವನs’ ಎಂದು ಕರೆಯುವವರೇ. ತಾಲೀಮಿನ ಹೊಸ್ತಿಲು ದಾಟಿದರೆ ಮಾತ್ರ ಅವನು ಪೈಲವಾನ. ಆ ಮಣ್ಣು ಬಿಟ್ಟರೆ ಅವನಿಗೆ ಮರ್ಯಾದೆ ಇದ್ದ ಇನ್ನೊಂದು ಜಾಗ ಊರಲ್ಲಿ ಇರಲಿಲ್ಲ.

ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್. ಅಲ್ಲಿಗೆ ಮುಗಿಯಿತು. ಕೈ ಬಿಡಬೇಕು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು, ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಬೇಕು. ಇದನ್ನು ಯಾರೂ ನಮಗೆ ಪಾಠ ಮಾಡಲಿಲ್ಲ. ಬೆವರಿನ ಜೊತೆಗೇ ಮೈಗೆ ಹತ್ತಿತ್ತು.

ಒಂದು ದಿನ ಪ್ರೋಟೀನ್ ಪುಡಿಯ ಡಬ್ಬಿ ಮಾರುವವನೊಬ್ಬ ಬಂದ. ಮೈಗೆ ಎರಡು ಅಳತೆ ಸಣ್ಣದಾದ ಟೀಶರ್ಟು, ತೋಳಿನ ಮೇಲೆ ಚೇಳಿನ ಹಚ್ಚೆ. ಬೂಟು ಬಿಚ್ಚದೆ ಮಣ್ಣಿನ ಅಂಚಿಗೇ ಬಂದು ನಿಂತ. ಊರಲ್ಲಿ ಮೊದಲ ಸಲ ಪಂಜರದೊಳಗಿನ ಫೈಟು ಮಾಡಿಸುತ್ತೇನೆ, ಆಳು ಬೇಕು ಎಂದ.

“ಕುಸ್ತಿ ಎಲ್ಲಾ ಔಟ್‌ಡೇಟೆಡ್ ಬ್ರೋ. ನಮ್ಮ ಹುಡುಗ್ರ ಮುಂದ ನಿಮ್ಮ ಪೈಲವಾನ್ರು ಎರಡು ಮಿನಿಟ್ ನಿಲ್ಲಂಗಿಲ್ಲ” ಎಂದು ನಕ್ಕ.

ನನ್ನ ಜೋಡಿ ಮೈಮೇಲಿನ ಮಣ್ಣು ಉಜ್ಜಿಕೊಳ್ಳುತ್ತಿದ್ದವನು ತಲೆ ಎತ್ತಿದ. “ಯಾವತ್ತ ಬರಬೇಕು ಹೇಳ್ರಿ” ಎಂದ.

ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಮೂಲೆಯಲ್ಲಿ ಕೂತಿದ್ದರು. ಅವರಿಗೆ ಸಿಟ್ಟು ಬಂದರೆ ದನಿ ಸಣ್ಣದಾಗುತ್ತದೆ. “ಆ ಕೋಳಿ ಜಾಳಗಿಯೊಳಗ ಕಾಲಿಟ್ಟಿ ಅಂದ್ರ ಈ ಮಣ್ಣಾಗ ಮತ್ತ ಕಾಲಿಡಬ್ಯಾಡ” ಎಂದರು.

“ತಾಲೀಮಿನ ಹೆಸರು ಉಳಸಾಕ ಹೊಂಟೇನ್ರಿ ವಸ್ತಾದ್ರ.”

“ತಾಲೀಮಿನ ಹೆಸರು ನಿನ್ನ ಕೈಯಾಗ ಯಾರು ಕೊಟ್ಟಾರ?”

ಗೆದ್ದು ಬಂದರೆ ವಸ್ತಾದರು ಕರಗುತ್ತಾರೆ ಎಂದು ಅವನ ಲೆಕ್ಕ. ಸೋತರೆ ಏನು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಆ ಹಾಲ್ ನೆನೆದರೆ ಇವತ್ತಿಗೂ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ಪಂಜರ ಅಂದರೆ ಕಂಪೌಂಡಿಗೆ ಹಾಕುವ ತಂತಿ ಜಾಳಗಿ. ವೆಲ್ಡಿಂಗ್ ಅಂಗಡಿಯವನು ಹಿಂದಿನ ದಿನವಷ್ಟೇ ಬಣ್ಣ ಬಳಿದಿದ್ದ, ಹಿಡಿದವರ ಕೈಯೆಲ್ಲ ಕಪ್ಪು. ವೇದಿಕೆಯ ಹಿಂದೆ ಯಾರದೋ ಆರತಕ್ಷತೆಯ ಥರ್ಮಾಕೋಲ್ ಹೃದಯ ಇನ್ನೂ ಜೋತಾಡುತ್ತಿತ್ತು. ರೆಫರಿ ಎಂದು ನಿಂತವನು ಕರಾಟೆ ಮಾಸ್ತರ, ಫೀ ಕಟ್ಟಿದವರಿಗೆಲ್ಲ ಬ್ಲ್ಯಾಕ್ ಬೆಲ್ಟ್ ಹಂಚಿದ ಮಹಾನುಭಾವ. ಡಾಕ್ಟರ್ ಕುರ್ಚಿಯಲ್ಲಿ ಹಲ್ಲಿನ ಡಾಕ್ಟರು ಕೂತಿದ್ದರು. ಒಬ್ಬ ಮೈಕಿನಲ್ಲಿ ನಿಯಮಗಳನ್ನು ಇಂಗ್ಲಿಷಿನಲ್ಲಿ ಓದಿದ. ಕೇಳಿದವರಿಗೆ ತಿಳಿಯಲಿಲ್ಲ. ಓದಿದವನಿಗಾದರೂ ತಿಳಿದಿತ್ತೋ ಇಲ್ಲವೋ.

ಡಬ್ಬಿಯವನು ನಿಲ್ಲಿಸಿದ್ದ ಹುಡುಗ ಕಾಲೆತ್ತಿ ಒಂದೆರಡು ಒದ್ದ. ನನ್ನ ಜೋಡಿ ಅದನ್ನು ತಿಂದುಕೊಂಡೇ ಒಳಗೆ ನುಗ್ಗಿ, ಸೊಂಟ ಹಿಡಿದು, ಜೋಳದ ಚೀಲ ಎತ್ತಿದಷ್ಟು ಸಲೀಸಾಗಿ ಎತ್ತಿ ಒಗೆದ. ಎರಡೂ ಭುಜ ಮ್ಯಾಟಿಗೆ ಬಡಿದ ಸದ್ದು ಬಾಗಿಲವರೆಗೆ ಕೇಳಿತು. ಹಳೇ ಹುಬ್ಬಳ್ಳಿಯಿಂದ ಬಂದಿದ್ದ ನಾವೆಲ್ಲ ಕುರ್ಚಿ ಬೀಳಿಸಿಕೊಂಡು ಎದ್ದು “ಚಿತ್! ಚಿತ್!” ಎಂದು ಒದರಿದೆವು. ಅವನು ಕೈ ಬಿಟ್ಟ. ಹುಡುಗನಿಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿದ. ಬಗ್ಗಿ ಆ ಪ್ಲಾಸ್ಟಿಕ್ ಮ್ಯಾಟನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡ.

ಹುಡುಗ ಎದ್ದವನೇ ಹಿಂದಿನಿಂದ ಬೆನ್ನಿಗೆ ಹತ್ತಿ ಕುತ್ತಿಗೆಗೆ ತೋಳು ಸುತ್ತಿದ. ನಾವು ನಗುತ್ತಿದ್ದೆವು. ಸೋತ ಹೊಟ್ಟೆಯುರಿಗೆ ಹೀಗೆ ಮಾಡುತ್ತಿದ್ದಾನೆ ಎಂದುಕೊಂಡು “ಏ ಬಿಡಲೇ, ಮುಗೀತು!” ಎಂದು ಬೈಯುತ್ತಿದ್ದೆವು. ನನ್ನ ಜೋಡಿಯೂ ಬಿಡಿಸಿಕೊಳ್ಳಲು ಹೋಗಲಿಲ್ಲ. ಮುಗಿದ ಕುಸ್ತಿಯಲ್ಲಿ ಬಿಡಿಸಿಕೊಳ್ಳುವುದು ಏನಿದೆ? ರೆಫರಿ ಬಂದು ಈ ಹುಚ್ಚನನ್ನು ಎಳೆದುಹಾಕುತ್ತಾನೆ ಎಂದು ಅವನ ಕಡೆ ನೋಡಿದ. ರೆಫರಿ ಸುಮ್ಮನೆ ನಿಂತಿದ್ದ; ಇಂಗ್ಲಿಷಿನಲ್ಲಿ ಓದಿದ ಆ ನಿಯಮಗಳಲ್ಲಿ ಚಿತ್ ಎಂಬುದೇ ಇರಲಿಲ್ಲ. ಆಮೇಲೆ ನನ್ನ ಜೋಡಿಯ ಕಣ್ಣು ಮೇಲಾಯಿತು, ಮೊಣಕಾಲು ಮಡಚಿತು. ಹಲ್ಲಿನ ಡಾಕ್ಟರು ಎದ್ದು ಮತ್ತೆ ಕೂತರು.

ಡಬ್ಬಿಯವನು ಅದರ ವಿಡಿಯೋಗೆ ಗೊರಕೆಯ ಸದ್ದು ಸೇರಿಸಿ ಊರಿಗೆಲ್ಲ ಹಂಚಿದ. ನಾಚಿಕೆಯಿಲ್ಲದ ಪ್ರಾಣಿ. ಆದರೆ ಅವನೇನೋ ವ್ಯಾಪಾರಿ. ನನಗೆ ಮೈ ಉರಿದದ್ದು ನಮ್ಮವರ ಮೇಲೆ. ಸತ್ತೇ ಹೋದನೇನೋ ಎಂದು ನಾವು ಹೆದರಿದ್ದ ಮನುಷ್ಯ ಮರುದಿನ ಬೆಳಿಗ್ಗೆ ತಾಲೀಮಿಗೆ ಬಂದರೆ ವಸ್ತಾದರು ಬಾಗಿಲಿಗೆ ಅಡ್ಡ ನಿಂತರು. “ಜಾಳಗ್ಯಾಗ ಮಲಗಿದಾಂವ ಅಲ್ಲೇ ಏಳಬೇಕು” ಎಂದರು. ಕುತ್ತಿಗೆಯ ಮೇಲೆ ಇನ್ನೂ ಬಾವು ಇತ್ತು. ಕೈ ಬಿಟ್ಟದ್ದಕ್ಕೇ ಅವನು ಸೋತ ಎಂಬುದು, ಆ ಕೈ ಬಿಡುವುದನ್ನು ಕಲಿಸಿದ ಮನುಷ್ಯನಿಗೆ ಹೊಳೆಯಲಿಲ್ಲ. ಹೊಳೆದರೂ ದೊಡ್ಡ ಮನುಷ್ಯರಿಗೆ ಅದು ಬೇಕಿರಲಿಲ್ಲ.

ಅವನು ಎಲ್ಲಿಗೆ ಹೋಗಬೇಕು? ಡಬ್ಬಿಯವನ ಹತ್ತಿರವೇ ಹೋದ. ಬೆಳಿಗ್ಗೆ ಸಂಜೆ ಅಲ್ಲಿ ಮ್ಯಾಟಿನ ಮೇಲೆ ಜನರನ್ನು ಕೆಡವುವುದು, ಕೆಡವಿದ ಮೇಲೆ ಬಿಡದಿರುವುದು, ಇದೊಂದನ್ನೇ ಕಲಿತ. ಕೆಡವುವುದು ಅವನಿಗೆ ಮೊದಲೇ ಬರುತ್ತಿತ್ತು. ಬಿಡದಿರುವುದಕ್ಕೆ ಬಹಳ ದಿನ ಹಿಡಿಯಿತು. “ಕೈ ತಾನs ಬಿಡತೈತಿ ದೋಸ್ತ, ಬೈದು ಬೈದು ತಡೀಬೇಕು” ಎಂದು ಒಮ್ಮೆ ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದ. ಆಮೇಲೆ ಕೊಲ್ಹಾಪುರ, ಪುಣೆ, ಗೋವಾ ಎಂದು ಹೋಗಿ ಗೆದ್ದ. ಅಷ್ಟರಲ್ಲಿ ಆಟವೂ ಬದಲಾಗಿತ್ತು. ತೂಕ ನೋಡಿ ಜೋಡಿ ಮಾಡುವುದು, ನಿಜವಾದ ಡಾಕ್ಟರು, ಕಣ್ಣು ಮೇಲಾಗುವ ಮೊದಲೇ ಬಿಡಿಸುವ ರೆಫರಿ, ಎಲ್ಲಾ ಬಂದವು. ಅವತ್ತು ಆ ಹಾಲ್‌ನಲ್ಲಿ ನಡೆದ ಹಾಗೆ ನಡೆಸುವುದು ಈಗ ನಿಯಮಕ್ಕೆ ವಿರುದ್ಧ ಎಂದು ಡಬ್ಬಿಯವನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ಇತ್ತ ತಾಲೀಮು ಬಣಗುಟ್ಟಿತು. ಹುಡುಗರೆಲ್ಲ ಗಾಜಿನ ಬಾಗಿಲಿನ ಕಡೆ ಹೋದರು. ಆಗ ನಮ್ಮ ವಸ್ತಾದರು, ಕೋಳಿ ಜಾಳಗಿ ಎಂದಿದ್ದ ಅದೇ ವಸ್ತಾದರು, ಅರ್ಧ ಮಣ್ಣು ತೆಗೆಸಿ ಮ್ಯಾಟು ಹಾಸಿಸಿದರು. ಬಾಗಿಲ ಮೇಲೆ ಫಲಕ ಬಂತು: ‘ಇಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿಸಲಾಗುವುದು’. ಕಲಿಸುವವರು ಯಾರು? ನನ್ನನ್ನು ಕರೆದು, ಕಣ್ಣು ತಪ್ಪಿಸಿ, “ನಿನ್ನ ದೋಸ್ತಗ ಬರಾಕ ಹೇಳಪಾ. ಎಷ್ಟಂದ್ರೂ ನಮ್ಮ ಮಣ್ಣಿನ ಹುಡುಗ” ಎಂದರು. ನನಗೆ ಅವರ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಸುದ್ದಿ ಹೇಳಿದಾಗ ನನ್ನ ಜೋಡಿಯ ಮುಖ ಅರಳಿದ್ದನ್ನು ನೋಡಿ ಸುಮ್ಮನಾದೆ.

ತೆಂಗಿನಕಾಯಿ, ಊದಿನಕಡ್ಡಿ ತಂದ. ಮ್ಯಾಟಿನ ಕಡೆ ನೋಡಲೂ ಇಲ್ಲ. ಹಳೆಯ ಲಂಗೋಟಿ ಕಟ್ಟಿಕೊಂಡು ಉಳಿದಿದ್ದ ಅರ್ಧ ಮಣ್ಣಿಗೆ ಇಳಿದು, “ಬಾರೋ, ಮೊದಲ ಒಂದು ಕುಸ್ತಿ ಹಿಡಿಯೂಣು” ಎಂದು ನನ್ನನ್ನು ಕರೆದ. ಹೊಸದಾಗಿ ಸೇರಿದ ಹುಡುಗರು ಸುತ್ತ ನಿಂತರು. ಸ್ವಲ್ಪ ಹೊತ್ತು ಆಡಿಸಿ, ಎಂದಿನ ಹಾಗೆ ಸೊಂಟ ಹಿಡಿದು ನನ್ನನ್ನು ಎತ್ತಿ ಹಾಕಿದ. ಬೆನ್ನಿಗೆ ತಣ್ಣನೆಯ ಮಣ್ಣು ಹತ್ತಿತು. ನಾನು ನಗುತ್ತಾ ಮೈ ಸಡಿಲ ಬಿಟ್ಟೆ, ಎಬ್ಬಿಸಲಿ ಎಂದು ಕೈ ಚಾಚಿದೆ.

ಅವನ ಮುಂಗೈ ನನ್ನ ಗಂಟಲ ಮೇಲೆ ಬಿತ್ತು. ಭಾರ ಏರುತ್ತಲೇ ಹೋಯಿತು. ನಾನು ಅವನ ಮುಖ ನೋಡಿದೆ. ಸಿಟ್ಟಿರಲಿಲ್ಲ, ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕತ್ತಲು.

ಕಣ್ಣು ಬಿಟ್ಟಾಗ ಅವನು ನನ್ನ ಕೆನ್ನೆ ತಟ್ಟುತ್ತಾ ಅಳುತ್ತಿದ್ದ. ಹಿಂದೆ ವಸ್ತಾದರು ಚಪ್ಪಾಳೆ ಹೊಡೆಯುತ್ತಾ ಹುಡುಗರಿಗೆ, “ನೋಡಿದ್ರ್ಯಾ? ಹಿಂಗ ಹಿಡೀಬೇಕು!” ಎಂದು ಹೇಳುತ್ತಿದ್ದರು. ಅವನು ಅವರ ಕಡೆ ತಿರುಗಲಿಲ್ಲ. ಎದ್ದು, ಮಣ್ಣು ಕೊಡವಿಕೊಳ್ಳದೆ, ಅಂಗಿ ಹಾಕಿಕೊಂಡ. ಅವತ್ತಿನಿಂದ ಅವನು ಆ ಹೊಸ್ತಿಲು ತುಳಿದಿಲ್ಲ. ಈ ಸಲ ಯಾರೂ ಅಡ್ಡ ನಿಂತಿರಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ ಬಂದು, ನನಗಷ್ಟೇ ಕೇಳುವ ಹಾಗೆ ಹೇಳಿದ:

“ದೋಸ್ತ, ನಿನ್ನ ಬೆನ್ನು ಮಣ್ಣಿಗೆ ಹತ್ತಿದ್ದು ನನಗ ಗೊತ್ತs ಆಗ್ಲಿಲ್ಲೋ.”