ಎರಡು ಮನೆಗೂ ಆಗುವಷ್ಟು ಪೋಡಿಗೆ

ಬೆಳಿಗ್ಗೆ ಮಗ ತರಕಾರಿ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನಮ್ಮ ಯಜಮಾನರನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟ. ಎದೆಯದೇನೋ ಪರೀಕ್ಷೆಯಂತೆ, ಸಂಜೆ ಫೋನ್ ಮಾಡುತ್ತಾನಂತೆ. ಬಾಗಿಲು ಹಾಕಿಕೊಂಡು ಬಂದು ಚೀಲ ಬಿಚ್ಚಿದರೆ ಈರುಳ್ಳಿಯ ಕೆಳಗೆ ಒಂದು ಜೀಗುಜ್ಜೆ! ಈ ಮೈಸೂರಿನಲ್ಲಿ ಅವನಿಗೆ ಕರಾವಳಿಯ ಆ ಕಾಯಿ ಎಲ್ಲಿ ಸಿಕ್ಕಿತೋ. ತೊಟ್ಟಿನಿಂದ ಒಸರಿದ ಹಾಲು ಬೆರಳಿಗೆ ಅಂಟಿತು. ಮೂಗಿನ ಹತ್ತಿರ ಹಿಡಿದೆ. ಹಸಿಹಸಿಯಾದ ಆ ವಾಸನೆ... ಉಡುಪಿಯ ಕಡಿಯಾಳಿಯ ಬಾಡಿಗೆ ಮನೆಯ ಜಗಲಿಯಲ್ಲಿ ಕೂತಂತಾಯಿತು.

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವ ಜಾತಿ. ಅಂಥವಳನ್ನು ಚಿತ್ರದುರ್ಗದ ಬಿಸಿಲಿನಿಂದ ಎತ್ತಿ ಉಡುಪಿಯ ಗುಡುಗು ಸಿಡಿಲಿನ ನಡುವೆ ತಂದು ಹಾಕಿದ್ದರು. ರಾಜ್ಯವೆಲ್ಲ ಒಂದಾಗಿ, ನಮ್ಮ ಕಡೆಯ ಗುಮಾಸ್ತರನ್ನು ಕರಾವಳಿಯ ಕಚೇರಿಗಳಿಗೆ ಹಾಕುತ್ತಿದ್ದ ಕಾಲ ಅದು. ನಮ್ಮವರಿಗೆ ಮೊದಲು ಉಡುಪಿಯಲ್ಲೇ ಕೆಲಸವಿತ್ತು. ಮದುವೆಯಾದ ವರ್ಷವೇ ಕಾರ್ಕಳಕ್ಕೆ ಕಳಿಸಿದರು. ಕಡಿಯಾಳಿಯ ಮನೆ ಬಿಡಲು ಮನಸ್ಸಾಗದೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬೆಳಿಗ್ಗೆ ಬಸ್ಸು ಮಣಿಪಾಲದ ಬೋಳು ಗುಡ್ಡದತ್ತ ಹೊರಟಿತೆಂದರೆ ಒಳಗೂ ಜಗಲಿಗೂ ನನ್ನ ಓಡಾಟ ಶುರು. ಸಂಜೆ ಅವರು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆಯೇ ಅದು ನಿಲ್ಲುತ್ತಿತ್ತು.

ಹೆದರಿಕೆಯಾದರೆ ತಣ್ಣೀರು ಕುಡಿ ಎಂದು ಅಮ್ಮ ಹೇಳಿ ಕಳಿಸಿದ್ದಳು. ಆ ಊರಿನಲ್ಲಿ ನಾನು ಕುಡಿದ ನೀರಿಗೆ ಲೆಕ್ಕವಿಲ್ಲ. ಉಸಿರನ್ನು ನಿಧಾನವಾಗಿ ಎಳೆದು ಬಿಡು ಎಂದು ನಮ್ಮವರು ಹೇಳಿಕೊಟ್ಟಿದ್ದರು. ಎಳೆದುಕೊಳ್ಳುವುದು ನೆನಪಿರುತ್ತಿತ್ತು, ಬಿಡುವುದು ಮರೆಯುತ್ತಿತ್ತು.

ಪಕ್ಕದ ಮನೆಯಲ್ಲಿ ಅಕ್ಕ ಇದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮನೆಮಾತು ತುಳು. ಕನ್ನಡವನ್ನು ಶಾಲೆಯಲ್ಲಿ ಕಲಿತ ಹಾಗೆಯೇ ಒಂದಕ್ಷರ ನುಂಗದೆ ಆಡುತ್ತಿದ್ದರು. ಅವರ ಯಜಮಾನರು ಬಸ್ ಡ್ರೈವರು, ಮಂಗಳೂರಿನ ಲೈನಿನಲ್ಲಿ. ಎರಡು ಮನೆಗೂ ನಡುವೆ ಒಂದೇ ಗೋಡೆ, ಜಗಲಿಯಿಂದ ಜಗಲಿಗೆ ಮಾತಾಡಬಹುದಿತ್ತು.

ನಾನು ಹೋದ ಹೊಸದರಲ್ಲಿ ಒಂದು ಮಧ್ಯಾಹ್ನ, ಮನೆಯ ಧಣಿಗಳು ಹಿತ್ತಿಲಿನದೆಂದು ಒಂದು ಜೀಗುಜ್ಜೆ ಕೊಟ್ಟು ಕಳಿಸಿದ್ದರು. ಹಲಸಿನ ಮರಿಯಂಥ ಆ ಕಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಜಗಲಿಗೆ ಬಂದೆ. ಅಷ್ಟರಲ್ಲಿ ತಲೆಯ ಮೇಲೆಯೇ ಗುಡುಗಿತು. ಇನ್ನೊಂದು ಕೈಯಲ್ಲಿ ಕಂಬ ತಬ್ಬಿಕೊಂಡೆ. ಆಚೆ ಜಗಲಿಯಿಂದ ಅಕ್ಕ ಕೇಳಿದರು:

"ಪೋಡಿಗೆ ಆಪುಂಡಾ?"

ಬಜ್ಜಿಗೆ ಇಲ್ಲಿ ಪೋಡಿ ಅನ್ನುತ್ತಾರೆಂದು ನಮ್ಮವರು ಹೇಳಿದ್ದರು. 'ಆಪುಂಡು' ಅಂದರೆ 'ಆಗುತ್ತದೆ' ಎನ್ನುವಷ್ಟು ತುಳು ತರಕಾರಿಯವಳಿಂದ ಕಲಿತಿದ್ದೆ. ಸರಿ, ಈ ಕಾಯಿ ಬಜ್ಜಿಗೆ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ.

"ಹೂಂ ಅಕ್ಕ, ದೊಡ್ಡದಿದೆ. ಎರಡು ಮನೆಗೂ ಆಗುತ್ತೆ!"

ಅಕ್ಕ ಪಿಳಿಪಿಳಿ ನೋಡಿದರು. ನನ್ನ ಕೈಯಲ್ಲಿದ್ದ ಕಾಯಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತೇಬಿಟ್ಟರು. ತುಳುವಿನಲ್ಲಿ ಪೋಡಿಗೆ ಎಂದರೆ ಹೆದರಿಕೆ. ನಿನಗೆ ಹೆದರಿಕೆಯಾಗುತ್ತದೆಯೇ ಎಂದು ಅವರು ಕೇಳಿದರೆ, ಎರಡು ಮನೆಗೂ ಆಗುವಷ್ಟಿದೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಅದೇನು ಸುಳ್ಳೂ ಆಗಿರಲಿಲ್ಲವಲ್ಲ.

ಅಂದೇ ಮೆಟ್ಟುಕತ್ತಿ, ಅಂದರೆ ನಮ್ಮ ಕಡೆಯ ಈಳಿಗೆಮಣೆ, ತಂದು ಆ ಕಾಯಿಯನ್ನು ಹೆಚ್ಚುವುದು ಕಲಿಸಿದರು. ಮಣೆಯನ್ನು ಪಾದದಿಂದ ಒತ್ತಿ ಹಿಡಿದು, ಸಿಪ್ಪೆ ಹೆರೆದು, ನಡುವಿನ ದಿಂಡು ತೆಗೆದು, ಎಲೆಯಷ್ಟು ತೆಳ್ಳಗೆ ಹೋಳು ಮಾಡಿ ನೀರಿಗೆ ಹಾಕಬೇಕು. "ಕಣ್ಣು ಕತ್ತಿಯ ಮೇಲೆ ಇರಲಿ. ಮನಸ್ಸು ಕಾರ್ಕಳಕ್ಕೆ ಹೋದರೆ ಬೆರಳೂ ಹೋಗುತ್ತದೆ, ಗೊತ್ತುಂಟಾ?" ಎಂದರು. ಬೆರಳಿನ ಭಯದಲ್ಲಿ ಗುಡುಗಿನ ಭಯ ನಿಜಕ್ಕೂ ಮರೆತುಹೋಯಿತು. ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ನನ್ನ ಮುಖ ಸಣ್ಣಗಾದದ್ದು ಕಂಡರೆ ಸಾಕು, "ಪೋಡಿಗೆ ಆಪುಂಡಾ?" ಎನ್ನುವರು. ಜೀಗುಜ್ಜೆ ಇಲ್ಲದ ಕಾಲಕ್ಕೆ ಬಾಳೆಕಾಯಿ, ಅದೂ ಇಲ್ಲವಾದರೆ ನೀರುಳ್ಳಿ. ಹೆಂಡತಿಯ ಪುಕ್ಕಲುತನದಿಂದ ತನಗೆ ಲಾಭವೇ ಎಂದು ನಮ್ಮವರು ಬಿಸಿ ಬಿಸಿ ಪೋಡಿ ತಿನ್ನುತ್ತಾ ಛೇಡಿಸುತ್ತಿದ್ದರು.

ಹಾಗಿರುವಾಗ ಒಂದು ಜೂನ್ ತಿಂಗಳ ಸಂಜೆ ಬಸ್ಸು ಬರಲಿಲ್ಲ. ಬರುವ ಹೊತ್ತು ದಾಟಿತು. ಮುಂದಿನ ಬಸ್ಸಿನ ಹೊತ್ತೂ ದಾಟಿತು. ಬೀದಿಯ ತುದಿಗೆ ಹೋಗಿ ನಿಂತು ಬಂದೆ, ಮತ್ತೆ ಹೋದೆ. ಅಲ್ಲಿ ಅಂಗಡಿಯಿಟ್ಟಿದ್ದ ಬ್ಯಾರಿ ಸಾಹೇಬರು ನನ್ನನ್ನು ನೋಡಿ ತಲೆಯ ಟೊಪ್ಪಿ ಸರಿಮಾಡಿಕೊಂಡರು. ಹೇಳಲೋ ಬೇಡವೋ ಎಂಬ ಮುಖ.

"ಕಾರ್ಕಳದ ಬಸ್ಸು ಹಿರಿಯಡ್ಕದ ಹತ್ತಿರ ಹೊಳೆಗೆ ಬಿದ್ದಿದೆಯಂತೆ ಅಮ್ಮ. ಯಾರೋ ಹೇಳಿದ್ದು. ನನಗೆ ಸರಿ ಗೊತ್ತಿಲ್ಲ."

ಮನೆಗೆ ಹೇಗೆ ಬಂದೆನೋ... ಜಗಲಿಯಲ್ಲಿ ಕೂತದ್ದು ನೆನಪಿದೆ. ಅಮ್ಮ ಹೇಳಿದ ತಣ್ಣೀರೂ ನೆನಪಾಗಲಿಲ್ಲ. ಫೋನಿಲ್ಲ, ಕೇಳಲು ಜನವಿಲ್ಲ, ಹೋಗಿ ನೋಡೋಣವೆಂದರೆ ಆ ದಾರಿಯ ಬಸ್ಸೇ ಇಲ್ಲ. ಅಕ್ಕ ಬಂದರು. ಸುದ್ದಿ ಅವರಿಗೂ ಮುಟ್ಟಿತ್ತು. ಒಂದು ಕಂಕುಳಲ್ಲಿ ಜೀಗುಜ್ಜೆ, ಇನ್ನೊಂದು ಕೈಯಲ್ಲಿ ಮೆಟ್ಟುಕತ್ತಿ.

"ಏಳು. ಪಾತ್ರೆಯಲ್ಲಿ ನೀರು ತಾ."

"ಇವತ್ತು ಬೇಡ ಅಕ್ಕ, ನನ್ನ ಕೈಲಿ ಆಗಲ್ಲ."

"ಕೂತು ಎಂತ ಮಾಡುತ್ತೀ ಮಾರಾಯ್ತಿ? ತಾ, ನೀರು ತಾ."

ಅವರು ಹೆಚ್ಚಲು ಕೂತರು. ನಾನು ಹೋಳುಗಳನ್ನು ನೀರಿಗೆ ಹಾಕುತ್ತಾ ಹೋದೆ. ಒಂದು ಕಾಯಿ ಮುಗಿಯಿತು. ಎದ್ದು ಹೋಗಿ ಇನ್ನೊಂದು ತಂದರು. ನಾನು ಅಳುತ್ತಿದ್ದೆ, ನಮ್ಮವರಿಗೇನಾದರೂ ಆದರೆ ಅಪ್ಪನಿಗೆ ಏನೆಂದು ಹೇಳಲಿ, ಈ ಗುರುತಿಲ್ಲದ ಊರಿನಲ್ಲಿ ಎಲ್ಲಿಗೆ ಹೋಗಲಿ ಎಂದು ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ. ಅಕ್ಕ ತಲೆಯೆತ್ತಲಿಲ್ಲ. "ಪೋಡಿಯಡ, ಪೋಡಿಯಡ," ಹೆದರಬೇಡ ಎಂದು ತುಳುವಿನಲ್ಲಿ ಅದೊಂದೇ ಮಾತು, ಕತ್ತಿಯ ಸದ್ದಿನ ಜೊತೆಗೇ. ಹೋಳುಗಳು ಆ ದಿನ ಒಂದು ದಪ್ಪ, ಒಂದು ತೆಳು ಬರುತ್ತಿದ್ದವು. ದೀಪ ಹಚ್ಚದೆ ಕೂತಿದ್ದೇವೆ, ಕಾಣಿಸುತ್ತಿಲ್ಲವೇನೋ ಅಂದುಕೊಂಡೆ.

ಮಬ್ಬುಗತ್ತಲಾಗುವ ಹೊತ್ತಿಗೆ ಬೀದಿಯಲ್ಲಿ ಲಾರಿಯೊಂದು ನಿಂತಿತು. ಮೊಣಕಾಲಿನವರೆಗೆ ಕೆಸರಾದ ಪಂಚೆಯಲ್ಲಿ, ಕೊಡೆಯಿಲ್ಲದೆ ಇಳಿದವರು ನಮ್ಮವರು. ನಾನು ಓಡಿದೆ. ಅವರ ಹಿಂದೆಯೇ ಇನ್ನೊಬ್ಬರು ಇಳಿದರು. ತೋಳು ಹರಿದ ಖಾಕಿ ಅಂಗಿ, ಹಣೆಗೆ ಬಟ್ಟೆಯ ಪಟ್ಟಿ. ಅಕ್ಕನ ಯಜಮಾನರು.

ಮಂಗಳೂರಿನ ಲೈನಿನವರು ಇಲ್ಲೆಲ್ಲಿಂದ ಬಂದರೆಂದು ನನಗೆ ತಿಳಿಯಲೇ ಇಲ್ಲ. ಅಲ್ಲೇ ನಿಂತು ಅವರಿಬ್ಬರೂ ಹೇಳಿದರು. ಕಾರ್ಕಳದ ಬಸ್ಸಿನ ಡ್ರೈವರಿಗೆ ಜ್ವರವೆಂದು ಅಂದು ಇವರು ಬದಲಿ ಹೋಗಿದ್ದರು. ಬಸ್ಸು ಹೊಳೆಗೆ ಬಿದ್ದಿರಲಿಲ್ಲ, ರಸ್ತೆ ಕುಸಿದು ಗದ್ದೆಗೆ ಜಾರಿ ಮಗುಚಿತ್ತು. ಇವರೇ ಗಾಜು ಒಡೆದು ಒಬ್ಬೊಬ್ಬರನ್ನೇ ಎಳೆದು ಹೊರಗೆ ಹಾಕಿದ್ದರು. ಗಾಯಗಳಾಗಿದ್ದವು, ಜೀವ ಹೋಗಿರಲಿಲ್ಲ. ಅವರು ಬದಲಿ ಹೋದದ್ದು ಅಕ್ಕನಿಗೆ ಬೆಳಿಗ್ಗೆಯಿಂದಲೇ ಗೊತ್ತಿತ್ತು.

ತಿರುಗಿ ನೋಡಿದೆ. ಅಕ್ಕ ಎದ್ದಿರಲಿಲ್ಲ. ಪಾದ ಇನ್ನೂ ಮೆಟ್ಟುಕತ್ತಿಯ ಮಣೆಯನ್ನು ಒತ್ತಿ ಹಿಡಿದಿತ್ತು.

"ಎಂಕ್ ಪೋಡಿಗೆ ಆಂಡ್," ಎಂದರು. ನನಗೆ ಹೆದರಿಕೆಯಾಯಿತು ಎಂದು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

"ಯಾಕಕ್ಕ ನನಗೆ ಹೇಳ್ಲಿಲ್ಲ?"

ಸೆರಗಿನಿಂದ ಮುಖ ಒರೆಸಿಕೊಂಡರು. ಅಂಥ ಹೊತ್ತಿನಲ್ಲೂ ಅವರಿಗೆ ನಗು ಬಂತು.

"ಹೇಳಿ ಎಂತ ಮಾಡುವುದು? ನಿನ್ನ ಹತ್ತಿರವೇ ಎರಡು ಮನೆಗೆ ಆಗುವಷ್ಟು ಉಂಟಲ್ಲವಾ."

ಅಂದು ಪೋಡಿ ಕರಿದದ್ದು ನಾನು. ಅವರು ಯಜಮಾನರ ಹಣೆಯ ಪಟ್ಟಿ ಬಿಚ್ಚಿ ಗಾಯ ತೊಳೆಯುತ್ತಿದ್ದರು. ಲಾರಿಯವನು ತಿಂದ, ಬ್ಯಾರಿಯವರ ಮನೆಗೆ ಕಳಿಸಿದೆವು, ಆದರೂ ಉಳಿಯಿತು. ಕರಿಯುತ್ತಾ ನಿಂತಾಗ ನನಗೆ ಹೊಳೆಯಿತು. ಅಷ್ಟು ಹೊತ್ತೂ ಹೇಳಿದ ಪೋಡಿಯಡ, ಪೋಡಿಯಡ ಎಲ್ಲವೂ ನನಗೇ ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ಅವರದಾಗಿತ್ತು.

ಕೆಲವು ವರ್ಷಗಳ ಮೇಲೆ ನಮಗೆ ವರ್ಗವಾಯಿತು. ಆ ಊರು ಈ ಊರು ಎಂದು ಸಂಸಾರ ಬೆಳೆಯಿತು. ತುಂಬ ಕಾಲದ ನಂತರ ಉಡುಪಿಗೆ ಹೋದಾಗ ಕಡಿಯಾಳಿಯಲ್ಲಿ ಹುಡುಕಿದೆ. ಎರಡು ಮನೆಗಳಿದ್ದ ಜಾಗದಲ್ಲಿ ಒಂದೇ ದೊಡ್ಡ ಕಟ್ಟಡ ಎದ್ದಿತ್ತು. ಅಕ್ಕ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡರು ಎಂದು ಎದುರುಮನೆಯವರು ಹೇಳಿದರು. ನನಗೆ ಯಾರು ತಿಳಿಸಬೇಕಿತ್ತು... ನಾನು ಅವರಿಗೆ ಬಂಧುವಲ್ಲ, ಜಾತಿಯವಳಲ್ಲ, ಬರೀ ಪಕ್ಕದ ಮನೆಯವಳು. ಅಲ್ಲಿಯೇ ರಸ್ತೆಯಲ್ಲಿ ನಿಂತು ಅತ್ತೆ.

ಈಗ ನನ್ನ ಬಳಿ ಮೆಟ್ಟುಕತ್ತಿಯೂ ಇಲ್ಲ. ಚಾಕು ತೆಗೆದುಕೊಂಡು ಮೇಜಿನ ಮುಂದೆ ಕೂತಿದ್ದೇನೆ. ಸಿಪ್ಪೆ ಹೆರೆದಾಯಿತು, ದಿಂಡು ತೆಗೆದಾಯಿತು. ಸಂಜೆಯಾಯಿತು, ಮಗನ ಫೋನು ಇನ್ನೂ ಬಂದಿಲ್ಲ. ಕಣ್ಣು ಚಾಕುವಿನ ಮೇಲಿಟ್ಟರೂ ಹೋಳು ಒಂದು ದಪ್ಪ, ಒಂದು ತೆಳು ಬರುತ್ತಿದೆ. ಪೋಡಿಯಡ, ಪೋಡಿಯಡ ಎಂದು ನಾನೇ ಹೇಳಿಕೊಳ್ಳುತ್ತಿದ್ದೇನೆ. ಕಾಯಿ ದೊಡ್ಡದಿದೆ ಅಕ್ಕ, ಎರಡು ಮನೆಗೂ ಆಗುತ್ತೆ. ಆದರೆ ಈಗ ಆ ಪಕ್ಕದ ಮನೆಯೇ ಇಲ್ಲ.